ಆಪ್ತಸಲಹೆ ಪ್ರಕರಣ: ‘ನೀಲಿ ಗೇಟ್ ಮೆಷಿನ್’ ಯಾರದು?

ನನ್ನ ಬಳಿ ಸಲಹೆಗೆ ಬಂದವರು ವಾಷಿಂಗ್ ಮೆಷಿನ್ ರಿಪೇರಿ ಮಾಡುವವರು. ಸ್ವಂತ ಕೆಲಸ, ಒಬ್ಬರೇ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಕೆಲಸಕ್ಕೆ ಕೊರತೆ ಇಲ್ಲ, ಕೈಗುಣವೂ ಚೆನ್ನಾಗಿದೆ. ಆದರೂ ಫೋನ್ ರಿಂಗಾದರೆ ಎದೆ ಧಸಕ್ ಅನ್ನುತ್ತದೆ ಎಂದರು. “ಹೋದ ಸಲ ನೀವೇ ಬಂದು ಮಾಡಿದ್ರಲ್ಲ, ಮತ್ತೆ ಅದೇ ಶಬ್ದ” ಅನ್ನುತ್ತಾರೆ ಯಾರೋ. ಯಾರು, ಯಾವ ಮೆಷಿನ್, ಏನು ಬದಲಿಸಿದ್ದು, ಒಂದೂ ನೆನಪಿಗೆ ಬರುವುದಿಲ್ಲ. ತಾವು ಕೊಟ್ಟ ವಾರಂಟಿ ಮುಗಿದಿದೆಯೋ ಇಲ್ಲವೋ ಗೊತ್ತಾಗದೆ ಎಷ್ಟೋ ಸಲ ಸುಮ್ನೆ ಬಿಟ್ಟಿ ಕೆಲಸ ಮಾಡಿ ಬಂದಿದ್ದಾರೆ.

“ಮೇಡಂ, ನನಗೆ ಮರೆವು ಜಾಸ್ತಿ. ಗಿರಾಕಿಗಳ, ಕೆಲಸದ ಲೆಕ್ಕ ಇಡೋಕೆ ಯಾವ ಆ್ಯಪ್ ಹಾಕ್ಕೊಳ್ಳಲಿ ಹೇಳಿ.”

ಮೊದಲು ಫೋನಿನ ಕಾಂಟ್ಯಾಕ್ಟ್ ತೆಗೆಸಿದೆ. ‘ನೀಲಿ ಗೇಟ್ ಮೆಷಿನ್’, ‘ಸೌಂಡ್ ಮನೆ’, ‘ಸೌಂಡ್ ಮನೆ 2’, ‘ಬೆಲ್ಟ್ ಮೂರನೇ ಮಹಡಿ’. ಬರೆದುಕೊಂಡ ದಿನ ಎಲ್ಲವೂ ಸ್ಪಷ್ಟವಾಗಿಯೇ ಇತ್ತು. ಆರು ತಿಂಗಳು ಕಳೆದರೆ ಯಾರಿಗೆ ತಾನೇ ಗೊತ್ತಾಗುತ್ತದೆ? ಇದು ಮರೆವಲ್ಲ ಎಂದೆ. ನೂರಾರು ಮೆಷಿನ್‌ಗಳ ಜಾತಕ ತಲೆಯಲ್ಲಿ ಇಟ್ಟುಕೊಳ್ಳಲು ಯಾರಿಂದಲೂ ಆಗದು, ಅಲ್ವಾ? ಆಮೇಲೆ ಅವರು ಸ್ವಲ್ಪ ನಿರಾಳವಾಗಿ ಮಾತಾಡಿದರು.

ಒಂದಿಷ್ಟು ಆ್ಯಪ್‌ಗಳನ್ನು ಆಗಲೇ ಇಳಿಸಿಕೊಂಡಿದ್ದರು. ಜಾಸ್ತಿ ಸ್ಟಾರ್ ಇದ್ದದ್ದರ ಮೇಲೆ ಅವರ ಕಣ್ಣು. ತೆರೆದರೆ ಲೀಡ್, ಡೀಲ್, ಪೈಪ್‌ಲೈನ್! ಅದು ಸೇಲ್ಸ್ ತಂಡಕ್ಕೆಂದು ಮಾಡಿದ್ದು. ಅಲ್ಲಿ ಲೆಕ್ಕವೆಲ್ಲ ಗಿರಾಕಿಯ ಸುತ್ತ. ರಿಪೇರಿಯವರಿಗೆ ಮೆಷಿನ್ನೂ ಅಷ್ಟೇ ಮುಖ್ಯ. ಒಬ್ಬರ ಬಳಿಯೇ ಎರಡು ಮೆಷಿನ್ ಇರಬಹುದು. ಗಿರಾಕಿಯ ಹೆಸರಿನಡಿ ಮೆಷಿನ್, ಮೆಷಿನ್‌ನಡಿ ಒಂದೊಂದು ಭೇಟಿ, ಹೀಗೆ ಸೇರಿಸಲು ಬರಬೇಕು. ‘ಫೀಲ್ಡ್ ಸರ್ವೀಸ್’, ಅಂದರೆ ಗಿರಾಕಿಯ ಜಾಗಕ್ಕೇ ಹೋಗಿ ಕೆಲಸ ಮಾಡುವವರ ಆ್ಯಪ್, ಅಂತ ಹುಡುಕಲು ಹೇಳಿದೆ. ಅದರಲ್ಲೂ ತಂಡದ ಲೊಕೇಶನ್ ನೋಡುವುದು, ಹುಡುಗರಿಗೆ ಕೆಲಸ ಹಂಚುವುದು ಇವೆಲ್ಲ ಒಂಟಿ ಆಳಿಗೆ ಬೇಡ. ಒಬ್ಬ ಬಳಕೆದಾರರ ಪ್ಲಾನ್ ಸಾಕು. ವಾಟ್ಸಾಪ್ ಬಿಸಿನೆಸ್ ಲೇಬಲ್ ಸಾಲದೇ ಅಂದರು. ಮೆಸೇಜ್ ವಿಂಗಡಿಸಲು ಸಾಕು, ಮೆಷಿನ್ ಚರಿತ್ರೆಗೆ ಸಾಲದು.

ಹಣ ಕಟ್ಟದೆ ಬಳಸಿ ನೋಡುವ ಟ್ರಯಲ್ ಸಾಮಾನ್ಯವಾಗಿ 14 ಅಥವಾ 30 ದಿನ ಸಿಗುತ್ತದೆ. ಆಗ ಸುಳ್ಳು ಹೆಸರು ಹಾಕಿ ಆಟ ಆಡಬೇಡಿ, ತಕರಾರಾದ ಹಳೆಯ ಕೆಲಸಗಳನ್ನೇ ತುಂಬಿ ಎಂದೆ. ಫ್ರಂಟ್ ಲೋಡ್ ಮೆಷಿನ್‌ಗಳಲ್ಲಿ ಬಾಗಿಲು ತೆರೆದರೆ ಅಂಚಿನಲ್ಲಿ ಸಾಮಾನ್ಯವಾಗಿ ಒಂದು ಸ್ಟಿಕ್ಕರ್ ಇರುತ್ತದೆ, ಮಾಡೆಲ್ ಮತ್ತು ಸೀರಿಯಲ್ ನಂಬರ್ ಅದರಲ್ಲೇ. ಅದರ ಫೋಟೋ, ಬದಲಿಸಿದ ಭಾಗ, ವಾರಂಟಿ ಮುಗಿಯುವ ತಾರೀಖು ಒಂದೇ ಕಡೆ ಸೇರಬೇಕು. ಒದ್ದೆ ಕೈ ಒರೆಸಿಕೊಂಡು, ನಿಂತಲ್ಲೇ, ಒಂದೇ ಹೆಬ್ಬೆರಳಲ್ಲಿ. ಅದಕ್ಕೆ ಎಂಟು ಪುಟ ದಾಟಬೇಕಾದರೆ ಎರಡನೇ ವಾರಕ್ಕೇ ನಿಲ್ಲಿಸಿಬಿಡುತ್ತೀರಿ. ಇನ್ನು ನೆಲಮಾಳಿಗೆಯಲ್ಲಿ ಎಷ್ಟೋ ಸಲ ನೆಟ್‌ವರ್ಕ್ ಸಿಗುವುದಿಲ್ಲ. ಫ್ಲೈಟ್ ಮೋಡ್ ಹಾಕಿ ಒಂದು ಕೆಲಸ ನಮೂದಿಸಿ, ಮತ್ತೆ ನೆಟ್ ಬಂದಾಗ ಅದು ಉಳಿದಿದೆಯಾ ನೋಡಿ.

ಹಣ ಕಟ್ಟುವ ಮೊದಲು ಎಲ್ಲ ಮಾಹಿತಿ ಹೊರಗೆ ತೆಗೆದು ನೋಡಲೂ ಹೇಳಿದೆ. ಇದರಲ್ಲಿ ಮಾತ್ರ ನಾನು ಹಟಮಾರಿ. ಬರೇ ಹೆಸರು-ನಂಬರ್ ಕೊಡುವ ವಿಸಿಎಫ್ ಫೈಲ್ ಸಾಲದು, ಕೆಲಸದ ವಿವರವೂ ಎಕ್ಸೆಲ್‌ನಂಥದ್ದರಲ್ಲಿ ತೆರೆಯುವ ಸಿಎಸ್‌ವಿ ಫೈಲ್‌ನಲ್ಲಿ ಬರಬೇಕು. ಅವರು ಕನ್ನಡದಲ್ಲೇ ಟೈಪ್ ಮಾಡುವವರು. ಫೈಲ್ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ! ಗಾಬರಿಯಿಂದ ಫೋನ್ ಮಾಡಿದರು. ಫೈಲ್ ತೆರೆಯುವಾಗ ಅಕ್ಷರ ಓದುವ ಬಗೆ (ಎನ್‌ಕೋಡಿಂಗ್) ಕೇಳುವಲ್ಲಿ ಯುಟಿಎಫ್-8 ಆರಿಸಿ ಎಂದೆ, ಸರಿಹೋಯಿತು. ಫೋಟೋಗಳು ಮಾತ್ರ ಜೊತೆಗೆ ಬಂದಿರಲಿಲ್ಲ. ಅವನ್ನು ಬೇರೆಯಾಗಿ ಬ್ಯಾಕಪ್ ಮಾಡಿಕೊಳ್ಳುತ್ತಿದ್ದಾರೆ.

ಕೊನೆಗೆ ಕಡಿಮೆ ಸ್ಟಾರ್ ಇದ್ದ, ನೋಡಲು ಅಷ್ಟೇನೂ ಚೆಂದವಿಲ್ಲದ ಒಂದನ್ನು ಇಟ್ಟುಕೊಂಡರು. ಕಾಲ್ ಲಾಗ್ (ಕರೆಗಳ ಪಟ್ಟಿ) ನೋಡುವ ಅನುಮತಿ ಕೇಳಿತಂತೆ, ಕೊಡಲಿಲ್ಲ. ಆದರೂ ಕೆಲಸ ನಡೆಯುತ್ತಿದೆ. ಮೊನ್ನೆ ಇನ್ನೊಂದು ಕೇಳಿದರು: ಕೆಲವು ಗಿರಾಕಿಗಳು ಬಾಗಿಲಿನ ಲಾಕ್ ನಂಬರ್ ಹೇಳಿರುತ್ತಾರೆ, ಅದನ್ನೂ ನೋಟ್ಸ್‌ನಲ್ಲಿ ಹಾಕಿಡಲೇ? ಬೇಡ ಎಂದೆ. ಹೋಗುವ ದಿನ ಕೇಳಿಕೊಳ್ಳಿ, ಕೆಲಸ ಮುಗಿಸಿ ಬಂದ ಮೇಲೆ ಆ ಮೆಸೇಜ್ ಅಳಿಸಿ.