ಹೊಗಳಿಕೆ ಸಾವಿಗಿಂತ ಮುಂಚಿನದು

‘ಬ್ಯಾಕ್ ಟು ಬ್ಲ್ಯಾಕ್’ ಆಲ್ಬಮ್‌ಗೆ ಇಷ್ಟು ಹೆಸರು ಬಂದದ್ದು ಅದನ್ನು ಹಾಡಿದ ಬ್ರಿಟಿಷ್ ಗಾಯಕಿ ಆಮಿ ವೈನ್‌ಹೌಸ್ ಚಿಕ್ಕ ವಯಸ್ಸಿಗೇ ತೀರಿಕೊಂಡದ್ದಕ್ಕಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಅವಳು ಹೋದದ್ದು 2011ರಲ್ಲಿ. ಆಲ್ಬಮ್ ಬಂದದ್ದು 2006ರ ಅಕ್ಟೋಬರ್‌ನಲ್ಲಿ. 2007ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅದೇ. 2008ರಲ್ಲಿ ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ, ಅದೂ ಐದು. ವೀಸಾ ತಡವಾಗಿ ಆ ಸಮಾರಂಭಕ್ಕೆ ಹೋಗಲಾಗದೆ ಲಂಡನ್ನಿನಿಂದಲೇ ಉಪಗ್ರಹದ ಮೂಲಕ ಹಾಡಿದಳು, ಪಾಪ. ‘ವರ್ಷದ ಆಲ್ಬಮ್’ ಮಾತ್ರ ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಪಾಲಾಯಿತು. ಸಾವಿನ ನಂತರ ಮಾರಾಟ ಮತ್ತೆ ಏರಿತು, ಅದು ನಿಜ.

ಮೊದಲ ಆಲ್ಬಮ್ ‘ಫ್ರ್ಯಾಂಕ್’ನಲ್ಲಿ ಜಾಝ್ ವಾಸನೆ ಜಾಸ್ತಿ, ಜಾಣತನ ಇದೆ, ಆದರೆ ಹಾಡುಗಳು ಸ್ವಲ್ಪ ಎಳೆದ ಹಾಗೆ ನನಗೆ ಅನ್ನಿಸುತ್ತೆ. ಎರಡನೆಯದರಲ್ಲಿ ಅದೆಲ್ಲ ಕತ್ತರಿಸಿಹೋಗಿದೆ. ಮಾರ್ಕ್ ರಾನ್ಸನ್ ನಿರ್ಮಿಸಿದ ಹಾಡುಗಳಿಗೆ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಡ್ಯಾಪ್-ಕಿಂಗ್ಸ್ ವಾದ್ಯತಂಡ ನುಡಿಸಿತು. ಡ್ರಮ್ಮು, ಕಹಳೆ ಎಲ್ಲ 1960ರ ದಶಕದ ಹುಡುಗಿಯರ ಹಾಡುಗುಂಪುಗಳ ಧಾಟಿ. ಮಾತು ಮಾತ್ರ ಇವತ್ತಿನ ಲಂಡನ್ ಹುಡುಗಿಯದು, ಬೈಗುಳ ಸಮೇತ. ವಿಮರ್ಶಕರು ಸೋತದ್ದು ಈ ಬೆರಕೆಗೇ. ಆಲ್ಬಮ್ಮಿನ ಉಳಿದರ್ಧಕ್ಕೆ ನಿರ್ಮಾಪಕನಾಗಿ ಸಲಾಮ್ ರೆಮಿ ಇದ್ದಾನೆ, ಅವನನ್ನು ಎಲ್ಲರೂ ಮರೆಯುತ್ತಾರೆ.

ಅನುಮಾನ ಇದ್ದರೆ ಇದೇ ಆಲ್ಬಮ್ಮಿನ ‘ಲವ್ ಈಸ್ ಎ ಲೂಸಿಂಗ್ ಗೇಮ್’ ಹಾಡು ಹಾಕಿ ನೋಡಿ. ಮೂರು ನಿಮಿಷವೂ ಇಲ್ಲ.