ಎಲ್1 ಒಡೆದಿರೋ ಅಣ್ಣ ರಾಡ್ ಹಾಕ್ಸಿದ್ರೆ ಮತ್ತೆ ನಡೀತಾನಾ?

ಕೊನೆ ಕೊಯ್ಯೋವಾಗ ಅಡಿಕೆ ಮರದಿಂದ ಬಿದ್ದು ಅಣ್ಣಂಗೆ ಎಲ್1 ಮೂಳೆ (ಸೊಂಟದ ಭಾಗದ ಮೊದಲನೇ ಬೆನ್ನುಮೂಳೆ) ಪುಡಿಯಾಗಿದೆ, ಎರಡೂ ಕಾಲು ಆಡ್ತಿಲ್ಲ, ಡಾಕ್ಟ್ರು ರಾಡ್ ಹಾಕ್ಬೇಕು ಅಂತಿದಾರೆ, ಹಾಕ್ಸಿದ್ರೆ ನಡೀತಾನಾ ಅಂತ ಕೇಳಿದೀರಿ. ನಾನು ಮಲೆನಾಡು ಕಡೆ ಫಿಸಿಯೋಥೆರಪಿಸ್ಟ್, ಕೊಯ್ಲು ಶುರುವಾದ್ರೆ ಇಂಥ ಕೇಸು ಬರ್ತಾನೇ ಇರ್ತವೆ.

ಆಪರೇಷನ್ನಿಂದ ಸತ್ತ ನರ ಬದುಕಲ್ಲ, ಇದನ್ನ ಮೊದಲೇ ತಿಳ್ಕೊಳ್ಳಿ. ಒಡೆದ ಮೂಳೆಯ ಮೇಲೆ ಕೆಳಗೆ ಗಟ್ಟಿ ಇರೋ ಮೂಳೆಗಳಿಗೆ ಸ್ಕ್ರೂ ಹಾಕಿ ಎರಡೂ ಕಡೆ ಟೈಟಾನಿಯಂ ರಾಡ್ ಕೂರಿಸ್ತಾರೆ, ನರದ ಮೇಲೆ ಒತ್ತಿರೋ ಚೂರಿನ ಭಾರ ಇಳಿಸ್ತಾರೆ, ಉಳಿದಿರೋ ನರಕ್ಕೆ ಚೇತರಿಸ್ಕೊಳ್ಳೋಕೆ ಜಾಗ ಸಿಗುತ್ತೆ ಅಷ್ಟೇ. ಸಾಧ್ಯವಾದ್ರೆ 24 ಗಂಟೆ ಒಳಗೆ ಆಗೋದು ಒಳ್ಳೇದು, ಅದಕ್ಕೇ ಯಾರೋ ಹೇಳಿದ್ರು ಅಂತ ನಾಟಿ ಕಟ್ಟು ಹಾಕ್ಸೋಕೆ, ಸೊಂಟ ನೀವಿಸೋಕೆ ದಯವಿಟ್ಟು ಕರ್ಕೊಂಡ್ ಹೋಗ್ಬೇಡಿ, ಅಲುಗಾಡಿದ್ರೆ ಉಳಿದಿದ್ದೂ ಹೋಗ್ಬಹುದು.

ನಡೆಯೋ ವಿಷ್ಯ. ಡಾಕ್ಟ್ರು ಗುದದ ಸುತ್ತ ಹತ್ತಿ ಮುಟ್ಟಿಸಿ, ಪಿನ್ ಚುಚ್ಚಿ ನೋಡ್ತಾರಲ್ಲ, ಮನೆಯೋರಿಗೆ ಮುಜುಗರ ಆಗುತ್ತೆ, ಆದ್ರೆ ನನ್ನ ಪ್ರಕಾರ ಅದು ಎಂಆರ್‌ಐಯಷ್ಟೇ ಮುಖ್ಯ. ಅಲ್ಲಿ ಮುಟ್ಟಿದ್ದು ಗೊತ್ತಾದ್ರೆ ಸಂಪರ್ಕ ಪೂರ್ತಿ ಕಡಿದಿಲ್ಲ ಅಂತ, ಭರವಸೆ ಇಟ್ಕೊಳ್ಳಿ. ಬೆನ್ನುಹುರಿ ಮುಗಿಯೋದು ಎಲ್1, ಎಲ್2 ಹತ್ರ, ಅದರ ಕೆಳಗೆ ಇರೋದು ನರದ ಎಳೆಗಳು, ಅವು ಹುರಿಗಿಂತ ಚೆನ್ನಾಗಿ ಚೇತರಿಸ್ಕೊಳ್ತವೆ. ಏನೂ ಗೊತ್ತಾಗ್ತಿಲ್ಲ ಅಂದ್ರೆ ಕಷ್ಟ ನಿಜ, ಆದ್ರೂ ರಾಡ್ ಹಾಕ್ಸಿದ್ರೆ ಬೇಗ ಎದ್ದು ಕೂರ್ತಾರೆ, ವೀಲ್‌ಚೇರಿಗೆ ಬರ್ತಾರೆ, ವಾರಗಟ್ಲೆ ಮಲಗಿದ್ದಲ್ಲೇ ಇರೋದು ತಪ್ಪುತ್ತೆ.

ನಂಗೆ ತುಂಬಾ ಸಂಕಟ ಆಗೋದು ಬೇರೆ ವಿಷ್ಯಕ್ಕೆ. ಆಪರೇಷನ್ ಚೆನ್ನಾಗಿ ಆಗಿ ಮನೆಗೆ ಹೋದೋರು ಬಾಲಮೂಳೆ ಹತ್ರ ಮುಷ್ಟಿ ಹೋಗುವಷ್ಟು ಗಾಯ ಮಾಡ್ಕೊಂಡು ವಾಪಸ್ ಬರ್ತಾರೆ, ಒಂದೇ ಮಗ್ಗುಲಲ್ಲಿ ಮಲಗಿಸಿರ್ತಾರೆ ಅಷ್ಟೇ. ಎರಡು ಗಂಟೆಗೊಮ್ಮೆ ತಿರುಗಿಸಿ, ರಾತ್ರಿನೂ ಸೇರಿ, ಭುಜ ಸೊಂಟ ಎರಡೂ ಒಟ್ಟಿಗೇ ತಿರುಗ್ಬೇಕು, ಸೊಂಟ ತಿರುಚ್ಬಾರ್ದು. ದಿನಾ ಹಿಮ್ಮಡಿ, ಬಾಲಮೂಳೆ ಕೆಂಪಾಗಿದ್ಯಾ ನೋಡಿ. ಕಾಲು ತಣ್ಣಗಿದೆ ಅಂತ ಬಿಸಿನೀರಿನ ಚೀಲ ಇಡ್ಲೇಬೇಡಿ, ಸ್ಪರ್ಶ ಇಲ್ದೋರಿಗೆ ಸುಟ್ಟಿದ್ದೂ ಗೊತ್ತಾಗಲ್ಲ. ಯೂರಿನ್ ಪೈಪ್ ಎಷ್ಟು ದಿನ, ಆಮೇಲೆ ನಾಲ್ಕರಿಂದ ಆರು ಗಂಟೆಗೊಮ್ಮೆ ನಾವೇ ಪೈಪ್ ಹಾಕಿ ಯೂರಿನ್ ತೆಗೆಯೋದು ಹೇಗೆ, ಡಿಸ್ಚಾರ್ಜ್‌ಗೆ ಮುಂಚೆನೇ ನರ್ಸ್ ಹತ್ರ ಕಲ್ತ್ಕೊಳ್ಳಿ.

ರಿಹ್ಯಾಬ್‌ಗೆ, ಅಂದ್ರೆ ಆಪರೇಷನ್ ಆದ್ಮೇಲಿನ ವ್ಯಾಯಾಮ, ತರಬೇತಿಗೆ ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಅಂಗವಿಕಲರಿಗೆ ನೆರವಾಗೋ ಎಪಿಡಿ ಸಂಸ್ಥೆನೂ ಬೆನ್ನುಹುರಿ ಪೆಟ್ಟಾದೋರಿಗೆ ಕೆಲ್ಸ ಮಾಡುತ್ತೆ, ಈಗ್ಲೇ ವಿಚಾರಿಸಿ ಇಡಿ. ನರಕ್ಕೆ ಎಷ್ಟು ಪೆಟ್ಟಾಗಿದೆ ಅಂತ ಡಾಕ್ಟ್ರು ಎ ಯಿಂದ ಇ ತನಕ ಗ್ರೇಡ್ ಕೊಟ್ಟಿರ್ತಾರೆ, ಯಾವ್ದು ಅಂತ ಕೇಳಿ ಇಲ್ಲಿ ಬರೀರಿ, ಎಕ್ಸರ್ಸೈಸ್ ಹೇಗೆ ಶುರು ಮಾಡ್ಬಹುದು ಹೇಳ್ತೀನಿ.