ಕಂಡದ್ದನ್ನು ಬರೆಯಿರಿ, ಅನ್ನಿಸಿದ್ದನ್ನಲ್ಲ

(ಮೈಸೂರಿನ ಕುವೆಂಪುನಗರದ ಓದುಗರೊಬ್ಬರು ಸೈಟು ಮಾರಾಟದ ವ್ಯವಹಾರದಲ್ಲಿದ್ದಾರೆ. 1986ರಲ್ಲಿ ಲಂಡನ್ನಿನಲ್ಲಿ ಮನೆ ತೋರಿಸಲು ಹೋಗಿ ಕಾಣೆಯಾದ ಸೂಜಿ ಲ್ಯಾಂಪ್ಲೂ ಎಂಬ ರಿಯಲ್ ಎಸ್ಟೇಟ್ ಏಜೆಂಟ್ ಯುವತಿಯ ಬಗ್ಗೆ ಅವರೂ ಅವರ ವಾಟ್ಸಾಪ್ ಗೆಳೆಯರೂ ತಿಂಗಳುಗಟ್ಟಲೆ ಚರ್ಚೆ ಮಾಡಿ ಒಂದು ಲೇಖನ ಸಿದ್ಧಪಡಿಸಿದ್ದಾರೆ. ಅದರಲ್ಲಿ ಮೂವರ ಹೆಸರು ಹೇಳಿ, “ಇವರಲ್ಲೊಬ್ಬ ಯಾಕಿರಬಾರದು?” ಎಂದು ಕೇಳಿದ್ದಾರೆ. “ಪೊಲೀಸರ ಕೈಲಿ ಆಗದ್ದನ್ನು ಜನ ಯೋಚಿಸಿದರೆ ತಪ್ಪೇನು? ನಾವು ಆರೋಪ ಮಾಡಿಲ್ಲ, ಪ್ರಶ್ನೆ ಕೇಳಿದ್ದೇವೆ ಅಷ್ಟೆ. ಲಂಡನ್ ಎಲ್ಲಿ, ಮೈಸೂರು ಎಲ್ಲಿ? ಕನ್ನಡದಲ್ಲಿ ಬರೆದರೆ ಅಲ್ಲಿ ಯಾರಿಗೆ ನಷ್ಟ?” ಎಂಬುದು ಅವರ ವಾದ. ತಮ್ಮ ಹೆಸರು ಹಾಕುವುದು ಬೇಡ ಎಂದಿದ್ದಾರೆ.)

ಮಾನ್ಯರೆ,

ನಿಮ್ಮ ಲೇಖನವನ್ನು ನಾವು ಪ್ರಕಟಿಸುತ್ತಿಲ್ಲ. ಇಷ್ಟು ದೀರ್ಘವಾದ ಉತ್ತರದ ಕೊನೆಯವರೆಗೂ ನಿಮ್ಮನ್ನು ಕಾಯಿಸುವುದು ಬೇಡವೆಂದು ಮೊದಲೇ ಹೇಳುತ್ತಿದ್ದೇನೆ. ನೀವು ಪಟ್ಟ ಶ್ರಮ ಪುಟಪುಟದಲ್ಲೂ ಕಾಣುತ್ತದೆ. ಅದಕ್ಕೆ ಒಂದು ಸಾಲಿನ ಉತ್ತರ ಸಾಲದು.

ಪ್ರಕರಣ ಗೊತ್ತಿಲ್ಲದ ಓದುಗರಿಗಾಗಿ ಖಚಿತವಾಗಿ ಗೊತ್ತಿರುವಷ್ಟನ್ನು ಹೇಳುತ್ತೇನೆ. 1986ರ ಜುಲೈ 28, ಸೋಮವಾರ. ಸೂಜಿಗೆ ಆಗ 25 ವರ್ಷ. ಫುಲ್ಹಂ ಎಂಬಲ್ಲಿನ ಏಜೆನ್ಸಿಯೊಂದರಲ್ಲಿ ಕೆಲಸ. ಮಧ್ಯಾಹ್ನ ಮನೆ ತೋರಿಸುವುದಕ್ಕೆಂದು ಕಚೇರಿಯಿಂದ ಹೊರಟಳು. ಡೈರಿಯಲ್ಲಿ 12.45ಕ್ಕೆ ‘ಮಿಸ್ಟರ್ ಕಿಪ್ಪರ್’, 37 ಶೊರಾಲ್ಡ್ಸ್ ರಸ್ತೆ ಎಂದು ಬರೆದಿತ್ತು. ಆಕೆಯ ಬಿಳಿ ಫೋರ್ಡ್ ಫಿಯೆಸ್ಟಾ ಕಾರು ಅದೇ ರಾತ್ರಿ ಸ್ವಲ್ಪ ದೂರದ ಸ್ಟೀವನೇಜ್ ರಸ್ತೆಯಲ್ಲಿ ಸಿಕ್ಕಿತು. ಪರ್ಸು ಕಾರಿನಲ್ಲೇ ಇತ್ತು. ಆಕೆ ಸಿಗಲಿಲ್ಲ, ದೇಹವೂ ಸಿಕ್ಕಿಲ್ಲ. 1990ರ ದಶಕದಲ್ಲಿ, ಕೊಲೆಯಾಗಿರಬೇಕು ಎಂಬ ಅನುಮಾನದೊಂದಿಗೆ, ಆಕೆ ಮೃತಳೆಂದು ಘೋಷಣೆಯಾಯಿತು. ಬೇರೊಂದು ಕೊಲೆಗೆ 1989ರಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಜಾನ್ ಕ್ಯಾನನ್ ಎಂಬಾತನೇ ತಮ್ಮ ಮುಖ್ಯ ಶಂಕಿತ ಎಂದು ಪೊಲೀಸರು 2002ರಲ್ಲಿ ಬಹಿರಂಗವಾಗಿ ಹೇಳಿದರು. ಮೊಕದ್ದಮೆ ಹೂಡುವಷ್ಟು ಸಾಕ್ಷ್ಯ ಇರಲಿಲ್ಲ. ಆತ ಒಪ್ಪಿಕೊಳ್ಳದೆಯೇ 2024ರ ನವೆಂಬರಿನಲ್ಲಿ ಜೈಲಿನಲ್ಲಿ ಸತ್ತ.

ಇಷ್ಟರ ಆಚೆಗೆ ನೀವು ಬರೆದಿರುವುದೆಲ್ಲ ಊಹೆ. ನಿಮ್ಮ ಲೇಖನದ ಎರಡನೆಯ ಭಾಗ ಓದುವಾಗ ನನಗೆ ತೀವ್ರ ಸಂಕಟವಾಯಿತು. ಒಬ್ಬಾತನ ಮೇಲೆ ನಿಮಗೆ ಅನುಮಾನ ಬಂದಿರುವುದು ಟೀವಿ ಸಂದರ್ಶನದಲ್ಲಿ ಅವನ ಮುಖದಲ್ಲಿ ದುಃಖ ಕಾಣಲಿಲ್ಲ ಎಂಬ ಕಾರಣಕ್ಕೆ. ಇನ್ನೊಬ್ಬ ತುಂಬ ಅತ್ತ ಎಂಬ ಕಾರಣಕ್ಕೆ. ನಮ್ಮೂರುಗಳ ಸಾವಿನ ಮನೆಯಲ್ಲಿ ಸೊಸೆ ಅಳದಿದ್ದರೆ ಒಂದು ಮಾತು, ಹೆಚ್ಚು ಅತ್ತರೆ ಇನ್ನೊಂದು ಮಾತು ಆಡುವವರನ್ನು ನೀವೂ ನೋಡಿದ್ದೀರಿ. ಅಲ್ಲಿ ಆ ಮಾತು ಜಗಲಿಯಲ್ಲೇ ಸತ್ತುಹೋಗುತ್ತದೆ. ಅಚ್ಚಾದ ಮಾತು, ಫೋನಿನಿಂದ ಫೋನಿಗೆ ಹೋದ ಮಾತು ಸಾಯುವುದಿಲ್ಲ.

ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ 2023ರ ಜನವರಿ 27ರಂದು ನಿಕೋಲಾ ಬುಲ್ಲಿ ಎಂಬ, ಮನೆ ಸಾಲದ ಸಲಹೆ ಕೊಡುವ ಕೆಲಸದಲ್ಲಿದ್ದ ತಾಯಿಯೊಬ್ಬಳು ನದಿ ದಂಡೆಯಲ್ಲಿ ನಾಯಿ ಜತೆ ನಡೆದು ಹೋಗುವಾಗ ಕಾಣೆಯಾದಳು. ಫೋನು ಬೆಂಚಿನ ಮೇಲೆ ಸಿಕ್ಕಿತು, ಕಚೇರಿಯ ಕರೆ ಇನ್ನೂ ಚಾಲ್ತಿಯಲ್ಲಿತ್ತು. ಅಷ್ಟು ಸಾಕಾಯಿತು. ಎಲ್ಲೆಲ್ಲಿಂದಲೋ ಜನ ಮೊಬೈಲ್ ಹಿಡಿದು ಆ ಪುಟ್ಟ ಹಳ್ಳಿಗೆ ಬಂದು ಮನೆಗಳ ಹಿತ್ತಿಲಲ್ಲಿ ಹುಡುಕಿದರು. ಆಕೆಯ ಸಂಗಾತಿಯ ಮೇಲೆ ಲಕ್ಷಾಂತರ ಜನ ನೋಡುವ ವಿಡಿಯೊಗಳಲ್ಲಿ ಅನುಮಾನ ಹರಿದಾಡಿತು. ಫೆಬ್ರವರಿ 19ರಂದು ದೇಹ ಅದೇ ನದಿಯಲ್ಲಿ ಸಿಕ್ಕಿತು. ಆಕಸ್ಮಿಕವಾಗಿ ಮುಳುಗಿ ಸತ್ತದ್ದು ಎಂದು ಜೂನಿನಲ್ಲಿ ಮರಣ ವಿಚಾರಣೆ ತೀರ್ಮಾನಿಸಿತು. ಅಷ್ಟರೊಳಗೆ ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಂದೆ ಕೊಲೆಗಾರನೆಂದು ಕರೆಸಿಕೊಂಡಾಗಿತ್ತು.

ವಿಶ್ವೇಶ್ವರಯ್ಯ ನಾಲೆಯ ಆಸುಪಾಸಿನಲ್ಲಿ ಬದುಕುವ ನಮಗೆ ಇದು ಅರ್ಥವಾಗಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೇ ನಾಲೆಗೆ ಬಿದ್ದು 30 ಜನ ಹೋದರು. ಅದು ಹಾಡಹಗಲು, ಕಂಡವರಿದ್ದರು. ರಾತ್ರಿ ಹೊತ್ತು ತಡೆಗೋಡೆಯಿಲ್ಲದ ತಿರುವಿನಲ್ಲಿ ಒಬ್ಬಂಟಿ ಕಾರು ಜಾರಿದರೆ ಕಂಡವರಿರುವುದಿಲ್ಲ. ಮಂಡ್ಯ ಜಿಲ್ಲೆಯ ರಸ್ತೆಯಲ್ಲಿ ಒಬ್ಬರು ಮನೆಗೆ ಬರಲಿಲ್ಲ ಎಂದಾಗ ನೀರಿನ ಕಡೆ ನೋಡುವ ಮೊದಲು ಅವರ ಹೆಂಡತಿಯ ಕಡೆ ನೋಡುವುದು ಎಂಥ ಅನ್ಯಾಯ, ಯೋಚಿಸಿ.

‘ಲಂಡನ್ ಎಲ್ಲಿ, ಮೈಸೂರು ಎಲ್ಲಿ’ ಎಂದು ಕೇಳಿದ್ದೀರಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ, ಭಾರತೀಯ ಮೂಲದ ಸುನಿಲ್ ತ್ರಿಪಾಠಿ ಎಂಬ 22ರ ಹುಡುಗ 2013ರ ಮಾರ್ಚಿನಲ್ಲಿ ಕಾಣೆಯಾದ. ಮನೆಯವರು ಅವನನ್ನು ಹುಡುಕಲು ಫೇಸ್‌ಬುಕ್ಕಿನಲ್ಲಿ ಒಂದು ಪುಟ ಮಾಡಿದ್ದರು. ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿಯಿತು. ಶಂಕಿತರ ಮಸುಕು ಚಿತ್ರಗಳು ಹೊರಬಂದಾಗ, ಎಲ್ಲೋ ಕುಳಿತ ಜನ ಈ ಕಾಣೆಯಾದ ಹುಡುಗನ ಫೋಟೊವನ್ನು ಪಕ್ಕದಲ್ಲಿಟ್ಟು “ಇವನೇ ಇರಬಹುದಲ್ಲವೆ?” ಎಂದು ಕೇಳಿದರು. ಕೇಳಿದ್ದು ಪ್ರಶ್ನೆಯೇ, ನಿಮ್ಮ ಹಾಗೆ. ಒಂದೇ ರಾತ್ರಿಯಲ್ಲಿ ಆ ಪುಟ ಬೈಗುಳದಿಂದ ತುಂಬಿ, ಮನೆಯವರು ಅದನ್ನು ಮುಚ್ಚಬೇಕಾಯಿತು. ಮಗನನ್ನು ಹುಡುಕಲು ತೆರೆದಿದ್ದ ಬಾಗಿಲು ಅದು. ನಿಜವಾದ ಅಪರಾಧಿಗಳು ಬೇರೆಯವರೆಂದು ಬೆಳಗಾಗುವುದರೊಳಗೆ ಗೊತ್ತಾಯಿತು. ಏಪ್ರಿಲ್ 23ರಂದು ಸುನಿಲನ ದೇಹ ಪ್ರಾವಿಡೆನ್ಸ್ ನಗರದ ಬಳಿ ನದಿಯಲ್ಲಿ ಸಿಕ್ಕಿತು. ಇಡೀ ದೇಶ ಅವನನ್ನು ಬಾಂಬ್ ಹಾಕಿದವನೆಂದು ಶಪಿಸುತ್ತಿದ್ದಾಗ ಅವನು ಬದುಕಿಯೇ ಇರಲಿಲ್ಲ. ಅವನ ಅಮ್ಮ ಅನುಭವಿಸಿದ ಆ ರಾತ್ರಿಯನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ?

ಕರ್ನಾಟಕದಲ್ಲೂ ನಡೆದಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂದು ಅಪರಿಚಿತರನ್ನು ಮಕ್ಕಳ ಕಳ್ಳರೆಂದು ಹೊಡೆದು, ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಕೊಂದರು. ಅಲ್ಲೂ ಮುಂದೆ ಓಡಿದ್ದು ವಾಟ್ಸಾಪಿನ ಮಾತು.

ಜನ ಯೋಚಿಸಬಾರದೆ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಕಾಣೆಯಾದವರು ಸಿಗುವುದು ಎಷ್ಟೋ ಸಲ ಜನರಿಂದಲೇ. ಬಸ್ ಸ್ಟ್ಯಾಂಡಿನ ಹೂವಿನವಳು, ಪೆಟ್ರೋಲ್ ಬಂಕಿನ ಹುಡುಗ, ನಾಲೆ ಏರಿ ಮೇಲೆ ಹಸು ಮೇಯಿಸುವವರು ಹೇಳುವ ಒಂದು ಮಾತಿನಿಂದ ಜಾಡು ಹತ್ತುತ್ತದೆ. ಆದರೆ ಅವರು ಹೇಳುವುದು ತಾವು ಕಂಡದ್ದನ್ನು: ಇಂಥ ಹೊತ್ತು, ಇಂಥ ಬಣ್ಣದ ಗಾಡಿ, ಈ ಕಡೆ ಹೋಯಿತು. ಅದನ್ನು ಹೇಳಬೇಕಾದದ್ದು ಠಾಣೆಗೆ. ನಿಮ್ಮ ಲೇಖನದಲ್ಲಿ ನೀವಾಗಲಿ ನಿಮ್ಮ ಗೆಳೆಯರಾಗಲಿ ಕಂಡದ್ದು ಒಂದೂ ಇಲ್ಲ. ಬೇರೆಯವರು ಊಹಿಸಿದ್ದನ್ನು ನೋಡಿ ನೀವು ಊಹಿಸಿದ್ದೀರಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದ ಜನ ನಾವು. ಕಾಣದ್ದನ್ನು ಪ್ರಮಾಣಿಸುವ ದಾರಿ ನನಗೆ ತಿಳಿಯದು.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿ ಅಪರಾಧ. ಸತ್ತವರ ಹೆಸರಿಗೆ ಮಸಿ ಬಳಿದು ಅವರ ಮನೆಯವರನ್ನು ನೋಯಿಸುವುದೂ ಅದರಲ್ಲಿ ಸೇರುತ್ತದೆ. ವಾಕ್ಯದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ ಮಾತ್ರಕ್ಕೆ ಬಿಡುಗಡೆಯಿಲ್ಲ. ಆದರೆ ಇಂಥ ಕಾನೂನು ಇರದಿದ್ದರೂ ನನ್ನ ತೀರ್ಮಾನ ಇದೇ ಆಗಿರುತ್ತಿತ್ತು.

ನಿಮ್ಮ ವೃತ್ತಿಯ ಕಡೆಯಿಂದಲೇ ನೋಡಿ. ನಮ್ಮಲ್ಲಿ ಒಬ್ಬ ಬ್ರೋಕರ್ ಎರಡು ದಿನ ಫೋನಿಗೆ ಸಿಗದಿದ್ದರೆ ಮೊದಲು ಹುಟ್ಟುವ ಮಾತು ಯಾವುದು? ಅಡ್ವಾನ್ಸ್ ದುಡ್ಡು ಎತ್ತಿಕೊಂಡು ಓಡಿಹೋದ. ಕಾಣೆಯಾದದ್ದು ಹೆಣ್ಣಾದರೆ? ಯಾರ ಜತೆಗೋ ಹೋದಳು. ಅಗ್ರಿಮೆಂಟ್ ಮಾಡಿಸಿಕೊಂಡವರು ಬಂದು ಮನೆ ಮುಂದೆ ಕೂರುತ್ತಾರೆ. ಹುಡುಕಾಟಕ್ಕೆ ಹೋಗಬೇಕಾದ ಅಣ್ಣ ತಮ್ಮಂದಿರು ಖಾತೆ ಪತ್ರ, ರಸೀದಿ ಹಿಡಿದು ಉತ್ತರ ಕೊಡುತ್ತ ನಿಲ್ಲಬೇಕಾಗುತ್ತದೆ. ‘ಓಡಿಹೋದವಳು’ ಎಂಬ ಮಾತು ಒಮ್ಮೆ ಬೀದಿಗೆ ಬಿದ್ದರೆ ಮನೆಯವರೇ ನಾಚಿ ಠಾಣೆಗೆ ಹೋಗಲು ತಡಮಾಡುತ್ತಾರೆ. ಹುಡುಕುವುದಕ್ಕೆ ಅತಿ ಬೆಲೆಯುಳ್ಳ ಗಂಟೆಗಳು ಅವು. ಊಹೆ ಮಾಡುವ ದೊಡ್ಡ ಹಾನಿ ಇದೇ ಎಂದು ನಾನು ನಂಬಿದ್ದೇನೆ. 24 ಗಂಟೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ತುರ್ತು ಸಹಾಯದ 112ಕ್ಕೆ ಆ ಕ್ಷಣವೇ ಕರೆ ಮಾಡಬಹುದು, ಹತ್ತಿರದ ಯಾವ ಠಾಣೆಗೂ ದೂರು ಕೊಡಬಹುದು. ಇದನ್ನು ನಿಮ್ಮ ಗುಂಪಿನಲ್ಲಿ ದಯವಿಟ್ಟು ಹಂಚಿ.

ಸೂಜಿಯ ತಾಯಿ ಡಯಾನಾ ಮತ್ತು ತಂದೆ ಪಾಲ್ ಏನು ಮಾಡಿದರು ಎಂಬುದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಮಗಳು ಕಾಣೆಯಾದ ವರ್ಷವೇ, 1986ರಲ್ಲೇ, ಅವಳ ಹೆಸರಿನಲ್ಲಿ ಟ್ರಸ್ಟ್ ಕಟ್ಟಿದರು. ಒಂಟಿಯಾಗಿ ಅಪರಿಚಿತರನ್ನು ಭೇಟಿಯಾಗುವ ಕೆಲಸದವರ ಸುರಕ್ಷತೆಯ ಬಗ್ಗೆ ಬ್ರಿಟನ್ನಿನಲ್ಲಿ ಅರಿವು ಮೂಡಿಸುವ ಕೆಲಸಕ್ಕೆ ನಿಂತರು. ಬೆನ್ನು ಹತ್ತಿ ಕಾಡುವವರಿಂದ ತೊಂದರೆಗೆ ಒಳಗಾದವರಿಗಾಗಿ 2010ರಲ್ಲಿ ಅದೇ ಟ್ರಸ್ಟ್ ರಾಷ್ಟ್ರೀಯ ಸಹಾಯವಾಣಿ ಶುರುಮಾಡಿತು. ಡಯಾನಾ 2011ರಲ್ಲಿ, ಪಾಲ್ 2018ರಲ್ಲಿ ತೀರಿಕೊಂಡರು, ಮಗಳಿಗೆ ಏನಾಯಿತೆಂದು ತಿಳಿಯದೆಯೇ. ಊಹಿಸುವ ಹಕ್ಕು ಯಾರಿಗಾದರೂ ಇದ್ದರೆ ಆ ಇಬ್ಬರಿಗಿತ್ತು. ಅವರು ಬದುಕನ್ನು ಸವೆಸಿದ್ದು ಇನ್ನೊಬ್ಬರ ಮಗಳಿಗೆ ಹೀಗಾಗದಿರಲಿ ಎಂಬುದಕ್ಕೆ.

ಇನ್ನು ನಿಮ್ಮ ಪತ್ರದ ನಾಲ್ಕನೇ ಪುಟ. ನಿಮ್ಮ ಮಗಳೂ ಈಗ ನಿಮ್ಮ ಜತೆ ಇದೇ ಕೆಲಸದಲ್ಲಿದ್ದಾಳೆ, ಬೋಗಾದಿ ಕಡೆ, ಇಲವಾಲದ ಕಡೆ ಲೇಔಟ್ ತೋರಿಸಲು ಸ್ಕೂಟರಿನಲ್ಲಿ ಒಬ್ಬಳೇ ಹೋಗುತ್ತಾಳೆ, “ಪಾರ್ಟಿ ಯಾರೆಂದು ನನಗೂ ಗೊತ್ತಿರುವುದಿಲ್ಲ, ಅವಳು ವಾಪಸು ಬರುವವರೆಗೆ ಟೀ ಕೂಡ ಇಳಿಯುವುದಿಲ್ಲ” ಎಂದು ಬರೆದಿದ್ದೀರಿ. ನಾಲ್ಕೇ ಸಾಲು. ನೀವು ಸ್ವತಃ ಕಂಡು ಬರೆದದ್ದು ಆ ನಾಲ್ಕು ಸಾಲು ಮಾತ್ರ. ಎರಡು ವರ್ಷದಿಂದ ವಿದ್ಯುತ್ ಕಂಬ, ಕಮಾನು ಬಿಟ್ಟು ಒಂದು ಮನೆಯೂ ಏಳದ ಲೇಔಟುಗಳು ರಿಂಗ್ ರಸ್ತೆಯ ಆಚೆ ಎಷ್ಟಿವೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದ ಮೇಲೆ ಏಜೆಂಟರು ನೋಂದಣಿ ಮಾಡಿಸಬೇಕು. ಕೊಳ್ಳುವವರು ಅವರ ನಂಬರ್ ಕೇಳಬಹುದು, ಇಸಿ (ಆಸ್ತಿಯ ಋಣಭಾರ ಪತ್ರ) ಕೇಳಬಹುದು, ಕೃಷಿ ಭೂಮಿಯನ್ನು ಬದಲಾಯಿಸಿದ ಕನ್ವರ್ಷನ್ ಆದೇಶ ಕೇಳಬಹುದು. ಕೊಳ್ಳಲು ಬಂದೆ ಎನ್ನುವವರ ಗುರುತನ್ನು ನಿಮ್ಮ ಮಗಳಂಥ ಹುಡುಗಿಯರು ಕೇಳಿದರೆ ಮಾತ್ರ ‘ಪಾರ್ಟಿ ಬೇಜಾರು ಮಾಡಿಕೊಳ್ಳುತ್ತಾರೆ’ ಎಂದು ಕಚೇರಿಯಲ್ಲೇ ಬೈಸಿಕೊಳ್ಳಬೇಕು. ಈ ಬಗ್ಗೆ ಕನ್ನಡದಲ್ಲಿ ಯಾರೂ ಬರೆಯುತ್ತಿಲ್ಲ.

ನೀವು ಬರೆಯಿರಿ. ಸೈಟ್ ನೋಡಲು ಬರುವವರನ್ನು ಮೊದಲು ಕಚೇರಿಗೇ ಕರೆಸಿ ಗುರುತಿನ ಚೀಟಿ ನೋಡುವ ಪದ್ಧತಿ ಎಷ್ಟು ಕಡೆ ಇದೆ? ಹೊರಡುವಾಗ ಯಾರ ಜತೆ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆದಿಡುವ ರಿಜಿಸ್ಟರ್ ಇದೆಯೆ? ಹೇಳಿದ ಹೊತ್ತಿಗೆ ಬರದಿದ್ದರೆ ಫೋನ್ ಮಾಡುವ ಹೊಣೆ ಯಾರದು, ಫೋನ್ ಎತ್ತದಿದ್ದರೆ ಮುಂದೇನು? ಸಂಜೆ ಐದರ ಮೇಲೆ ಒಬ್ಬಳನ್ನೇ ಕಳಿಸುವುದಿಲ್ಲ ಎಂದರೆ ಕಮಿಷನ್ ಎಷ್ಟು ಕೈತಪ್ಪುತ್ತದೆ? ಮಗಳನ್ನೂ ಅವಳ ಜತೆ ಕೆಲಸ ಮಾಡುವವರನ್ನೂ ಕೂರಿಸಿಕೊಂಡು ಕೇಳಿ. ಅವರ ಹೆಸರುಗಳನ್ನು ಬದಲಾಯಿಸುವ ಕೆಲಸ ನಮಗೆ ಬಿಡಿ.

ಮೂವರನ್ನು ಹೆಸರಿಸಿದ ಲೇಖನವನ್ನು ಅಂಚೆಯಲ್ಲಿ ಮರಳಿಸಿದ್ದೇವೆ. ಅದರ ಪ್ರತಿಯನ್ನು ನಾವು ಇಟ್ಟುಕೊಂಡಿಲ್ಲ. ಗುಂಪಿನಲ್ಲಿ ಈಗಾಗಲೇ ಹಂಚಿದ್ದರೆ ಅಳಿಸಲು ಹೇಳಿ. ಹೊಸ ಬರಹ ಮುಂದಿನ ತಿಂಗಳ ಮೊದಲ ವಾರದೊಳಗೆ ಕೈಸೇರಿದರೆ ಅದೇ ಸಂಚಿಕೆಗೆ ತೆಗೆದುಕೊಳ್ಳುತ್ತೇವೆ, ಪುಟ ಎಷ್ಟಾದರೂ ಸರಿ.

– ಸಂಪಾದಕ